ಸರ್ಟೋಲಿ ಕೋಶಗಳು ಎಸ್ಟ್ರಾಡಿಯೋಲ್‌ಗೆ ಸ್ಪಂದಿಸುತ್ತಿಲ್ಲ, ಏಕೆ?

ಪ್ರಶ್ನೆ (ಹಾಸನ):
ಎಳೆಯ ಇಲಿಯ ವೃಷಣದಿಂದ ಬೇರ್ಪಡಿಸಿದ ಸರ್ಟೋಲಿ ಕೋಶಗಳು (ವೀರ್ಯಾಣುಗಳ ಬೆಳವಣಿಗೆಗೆ ಆಸರೆಯಾಗುವ ಕೋಶಗಳು) ಎಸ್ಟ್ರಾಡಿಯೋಲ್ ಎಂಬ ಈಸ್ಟ್ರೋಜನ್ ಹಾರ್ಮೋನ್ ಸೇರಿಸಿದಾಗ ಹೆಚ್ಚು ವಿಭಜನೆಗೊಳ್ಳುತ್ತವೆ ಎಂದು ಓದಿದ್ದೇನೆ. ಆದರೆ ನನ್ನ ತಟ್ಟೆಗಳಲ್ಲಿ ಹಾರ್ಮೋನ್ ಹಾಕಿದವಕ್ಕೂ ಹಾಕದವಕ್ಕೂ ವ್ಯತ್ಯಾಸವೇ ಕಾಣುತ್ತಿಲ್ಲ. ಎಲ್ಲಿ ಎಡವಿದ್ದೇನೆ?

ಉತ್ತರ 1:
ಮೊದಲು ಮಾಧ್ಯಮದ (ಕೋಶ ಬೆಳೆಸುವ ದ್ರವದ) ಬಣ್ಣ ನೋಡಿ. ಕೆಂಪಗಿದ್ದರೆ ಅದರಲ್ಲಿ ಫೀನಾಲ್ ರೆಡ್ ಎಂಬ ಬಣ್ಣದ ವಸ್ತು ಇರುತ್ತದೆ, ಅದು ದುರ್ಬಲ ಈಸ್ಟ್ರೋಜನ್‌ನಂತೆ ವರ್ತಿಸಬಲ್ಲದೆಂದು 1986ರಲ್ಲೇ ವರದಿಯಾಗಿದೆ. ಮಾಧ್ಯಮಕ್ಕೆ ಬೆರೆಸುವ ಕರುವಿನ ಸೀರಂನಲ್ಲೂ (ರಕ್ತದ ತಿಳಿದ್ರವ) ಸ್ಟೀರಾಯ್ಡ್‌ಗಳಿರುವುದರಿಂದ, ಇದ್ದಿಲಿನಿಂದ ಅವನ್ನು ತೆಗೆದ ಸೀರಂ ಬಳಸಬೇಕು. ಇಲ್ಲವಾದರೆ ನಿಮ್ಮ ಕಂಟ್ರೋಲ್ (ಹಾರ್ಮೋನ್ ಹಾಕದ) ತಟ್ಟೆಯೂ ಹಾರ್ಮೋನ್ ಕುಡಿದೇ ಕುಳಿತಿರುತ್ತದೆ. ಎಸ್ಟ್ರಾಡಿಯೋಲ್ ಕರಗಿಸಿದ ಎಥನಾಲನ್ನು ಅಷ್ಟೇ ಪ್ರಮಾಣದಲ್ಲಿ ಕಂಟ್ರೋಲ್‌ಗೂ ಹಾಕಿ.

ಉತ್ತರ 2 (ಚಿಕ್ಕಮಗಳೂರು):
ಮೇಲಿನವರ ಮಾತು ಸರಿ, ಆದರೆ ಇಲಿಯ ವಯಸ್ಸು ಅದಕ್ಕಿಂತ ಮುಖ್ಯವೆಂಬುದು ನನ್ನ ಅಭಿಪ್ರಾಯ. ಹುಟ್ಟಿದ ಸುಮಾರು 3 ವಾರಗಳೊಳಗೆ ಈ ಕೋಶಗಳ ವಿಭಜನೆ ನಿಂತುಹೋಗುತ್ತದೆ. ಎಳೆಯ ಕೋಶಗಳಲ್ಲಿ ಈಸ್ಟ್ರೋಜನ್ ಹಿಡಿಯುವ ಆಲ್ಫಾ ಗ್ರಾಹಕವು ವಿಭಜನೆಗೆ ಪ್ರೇರಣೆ ನೀಡಿದರೆ, ಬೀಟಾ ಗ್ರಾಹಕವು ಅವನ್ನು ಪಕ್ವತೆಯ ಕಡೆಗೆ ತಿರುಗಿಸುತ್ತದೆ. ಜೊತೆಗೆ ಎಳೆಯ ಸರ್ಟೋಲಿ ಕೋಶಗಳಲ್ಲಿಯೇ ಅರೋಮಟೇಸ್ ಕಿಣ್ವವಿರುವುದರಿಂದ, ಟೆಸ್ಟೋಸ್ಟಿರಾನ್ ತಯಾರಿಸುವ ಲೇಡಿಗ್ ಕೋಶಗಳು ಬೆರೆತಿದ್ದರೆ ಅವುಗಳ ಟೆಸ್ಟೋಸ್ಟಿರಾನ್ ತಟ್ಟೆಯಲ್ಲೇ ಎಸ್ಟ್ರಾಡಿಯೋಲ್ ಆಗಿಬಿಡುತ್ತದೆ.

ಪ್ರಶ್ನೆ ಕೇಳಿದವರು:
ಸೀಸೆ ತೆಗೆದು ನೋಡಿದೆ ಸರ್, ಮಾಧ್ಯಮ ಕಾಫಿ ಹಣ್ಣಿನಷ್ಟೇ ಕೆಂಪು. ಇಲಿಗಳಿಗೆ 25 ದಿನ ತುಂಬಿತ್ತು.