ಮನೆಯಲ್ಲಿ ಕಟ್ಟಿದ ವೀಕ್ ಲಿಂಕ್ ಒಂದೊಂದು ಸಲ ಒಂದೊಂದು ತೂಕಕ್ಕೆ ಹರಿಯುತ್ತಿದೆ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಪುಣೆಯ ಹೊರವಲಯದ ಬಯಲಿನಲ್ಲಿ ನಾವು ಕೆಲವರು ವಿಂಚ್‌ನಿಂದ (ಹಗ್ಗ ಸುತ್ತಿಕೊಂಡು ಎಳೆಯುವ ಯಂತ್ರ) ಹ್ಯಾಂಗ್ ಗ್ಲೈಡರ್ ಎಳೆಸಿಕೊಂಡು ಮೇಲೇರುತ್ತೇವೆ. ರವಿವಾರ ಪೇಠೆಯಲ್ಲಿ ಕೊಂಡ, 60 ಕಿಲೋ ಎಂದು ಅಚ್ಚಾಗಿರುವ ಹೆಣೆದ ಪಾಲಿಯೆಸ್ಟರ್ ದಾರದಿಂದ ವೀಕ್ ಲಿಂಕ್ ಆಗಿ, ಅಂದರೆ ಎಳೆತ ಮಿತಿ ಮೀರಿದಾಗ ತಾನೇ ಹರಿಯಬೇಕಾದ ಕೊಂಡಿಯಾಗಿ, ಒಂಟಿ ಕುಣಿಕೆ ಕಟ್ಟಿ, ಬ್ರೈಡಲ್‌ನ (ಎಳೆಯುವ ಹಗ್ಗವನ್ನು ಗ್ಲೈಡರಿಗೂ ನನ್ನ ಮೈಗೆ ಕಟ್ಟಿದ ಹಾರ್ನೆಸ್‌ಗೂ ಜೋಡಿಸುವ ಎರಡು ಕಾಲಿನ ಹಗ್ಗ) ಮೇಲಿನ ತುದಿಗೆ ಹಾಕುತ್ತಿದ್ದೇನೆ. ಗ್ಲೈಡರ್, ಹಾರ್ನೆಸ್, ನಾನು ಸೇರಿ 110 ಕಿಲೋ. ಕೊಕ್ಕೆ ತಕ್ಕಡಿಗೆ ಸಿಕ್ಕಿಸಿ ಜಗ್ಗಿದರೆ ಒಂದು ಕುಣಿಕೆ 65 ಕಿಲೋಗೇ ಹರಿಯುತ್ತದೆ, ಇನ್ನೊಂದು 95ರವರೆಗೂ ತಡೆಯುತ್ತದೆ. ಹರಿಯುವುದು ಮಾತ್ರ ಯಾವಾಗಲೂ ಗಂಟಿನ ಬುಡದಲ್ಲೇ. ದಾರವನ್ನು ಎರಡು ಸುತ್ತು ಮಾಡಿದರೆ ಸರಿಹೋದೀತೇ?

ಉತ್ತರ:
ಎರಡು ಸುತ್ತು ಬೇಡ ಸರ್. ಬ್ರೈಡಲ್‌ನ ಎರಡು ಕಾಲುಗಳ ನಡುವೆ 60 ಡಿಗ್ರಿ ಕೋನವಿದ್ದರೆ ಒಂದು ಕಾಲಿನ ಮೇಲೆ ಬೀಳುವುದು ಹಗ್ಗದ ಒಟ್ಟು ಎಳೆತದ ಸುಮಾರು ಶೇ. 58 ಮಾತ್ರ, ಆದ್ದರಿಂದ ನಿಮ್ಮ 65 ಮತ್ತು 95 ಕಿಲೋ ಹಗ್ಗದ ಲೆಕ್ಕದಲ್ಲಿ ಸುಮಾರು 113 ಮತ್ತು 165 ಆಗುತ್ತವೆ. ವಿಮಾನದಿಂದ ಎಳೆಯುವುದಕ್ಕೆ ಅಮೆರಿಕದ ನಿಯಮ ಒಪ್ಪುವ ಹರಿಯುವ ಮಿತಿ ಗ್ಲೈಡರಿನ ಪ್ರಮಾಣಿತ ಗರಿಷ್ಠ ತೂಕದ ಶೇ. 80ರಿಂದ 200ರವರೆಗೆ; 110 ಕಿಲೋವನ್ನೇ ಆಧಾರವಾಗಿಟ್ಟುಕೊಂಡರೆ 88ರಿಂದ 220. ನಿಮ್ಮ ಕುಣಿಕೆಗಳು ದುರ್ಬಲವಲ್ಲ, ಚಂಚಲ. ಎರಡು ಸುತ್ತಾದರೆ ಚಂಚಲತೆ ಉಳಿದು, ಮೇಲಿನ ಮಿತಿಯೂ ದಾಟಿಹೋಗುತ್ತದೆ.

ಕಾರಣ ಗಂಟು. ಸಾಮಾನ್ಯ ಗಂಟು ದಾರದ ಬಲವನ್ನು ಅರ್ಧದಷ್ಟು ಇಳಿಸಬಲ್ಲುದು, ಅದೂ ಪ್ರತಿ ಸಲ ಬೇರೆ ಬೇರೆ ಪ್ರಮಾಣದಲ್ಲಿ. ಡಬಲ್ ಫಿಶರ್‌ಮನ್ ಗಂಟು (ಒಂದೊಂದು ತುದಿಯನ್ನು ಇನ್ನೊಂದರ ಮೇಲೆ ಎರಡೆರಡು ಸುತ್ತು ಸುತ್ತುವ ಗಂಟು) ಹಾಕಿ, ಒದ್ದೆ ಮಾಡಿ ಬಿಗಿದು, ಕುಣಿಕೆಯನ್ನು ಬ್ರೈಡಲ್‌ಗೆ ಉರುಳು ಹಾಕುವಾಗ ಗಂಟು ಆ ಉರುಳಿನ ಮಗ್ಗುಲಲ್ಲೇ ಕೂರುವಂತೆ ನೋಡಿಕೊಳ್ಳಿ. ಆಗ ಎಳೆತದ ಬಹುಪಾಲನ್ನು ಉರುಳಿನ ಘರ್ಷಣೆಯೇ ಹೊರುವುದರಿಂದ ಗಂಟಿನ ಮೇಲೆ ಭಾರ ಕಡಿಮೆ. ಹೀಗೆ ಕಟ್ಟಿದ ಲಿಂಕ್ ಹಿಂದಿಗಿಂತ ಹೆಚ್ಚು ತಡೆಯುವುದರಿಂದ ಹೊಸದಾಗಿ ಅಳೆಯಲೇಬೇಕು, ಅದೂ ಹಾರುವಾಗ ಬಳಸುವ ಬ್ರೈಡಲ್ ಮತ್ತು ಎಳೆಯುವ ಹಗ್ಗದ ತುದಿಯ ಬಳೆಯೊಂದಿಗೇ. ಹೆಚ್ಚೆನಿಸಿದರೆ ತೆಳುವಾದ ದಾರಕ್ಕೆ ಇಳಿಯಿರಿ. ನೈಲಾನ್ ಹಿಗ್ಗುತ್ತದೆ, ನುಣುಪಾದ ಡೈನೀಮಾ ದಾರದಲ್ಲಿ ಗಂಟು ಜಾರುತ್ತದೆ. ನಿಮ್ಮ ಪಾಲಿಯೆಸ್ಟರೇ ವಾಸಿ. (ಕಾಮ್ಶೇತ್ ಗುಡ್ಡದಿಂದ ಓಡಿ ಹಾರುವವರಿಗೆ ಈ ತಲೆನೋವೇ ಇಲ್ಲ!)

ಮರುಪ್ರಶ್ನೆ:
ಧನ್ಯವಾದ ಸರ್. ಕೆಳತುದಿಗೂ ಒಂದು ಬೇಕೇ? ಲಿಂಕ್ ಸರಿಯಿದ್ದರೆ ಗ್ಲೈಡರ್ ಒಂದು ಬದಿಗೆ ವಾಲಿಕೊಂಡು, ಹಿಡಿತಕ್ಕೆ ಸಿಗದೆ ಲಾಕ್‌ಔಟ್ ಆಗುವುದೂ ತಪ್ಪುತ್ತದೆಯಲ್ಲವೇ?

ಉತ್ತರ:
ಕೆಳತುದಿಗೆ ಬೇಕು, ಮೇಲಿನದಕ್ಕಿಂತ ತುಸು ಗಟ್ಟಿಯಾದದ್ದು. ಮೇಲಿನದು ಹರಿದ ಮೇಲೆ ಬ್ರೈಡಲ್ ಬಳೆಯಲ್ಲಿ ಸಿಕ್ಕಿಕೊಂಡರೆ ಪೂರ್ತಿ ಎಳೆತ ನಿಮ್ಮ ಹಾರ್ನೆಸ್ ಮೇಲೆ ಬೀಳುತ್ತದೆ. ಲಾಕ್‌ಔಟ್ ಬಗ್ಗೆ ಮಾತ್ರ ನಿಮ್ಮ ನಂಬಿಕೆ ಅಪಾಯಕರ: ಲಿಂಕ್ ಹರಿಯುವಷ್ಟು ಎಳೆತ ಬರುವ ಮೊದಲೇ ಗ್ಲೈಡರ್ ಕೈಮೀರಬಹುದು. ಲಿಂಕ್ ಇರುವುದು ಚೌಕಟ್ಟಿನ ರಕ್ಷಣೆಗೆ. ದಿಕ್ಕು ತಪ್ಪುತ್ತಿದೆ ಎನಿಸಿದೊಡನೆ ನೀವೇ ಹಗ್ಗ ಕಳಚುವ ರಿಲೀಸ್ ಎಳೆಯಬೇಕು. ಹೊಸ ಲಿಂಕ್‌ಗಳನ್ನು ಬಳಸುವ ಮುನ್ನ ನಿಮ್ಮ ತರಬೇತುದಾರರಿಗೂ ವಿಂಚ್ ನಡೆಸುವವರಿಗೂ ತೋರಿಸಿ, ಎಳೆ ಎದ್ದದ್ದನ್ನು ಅಲ್ಲೇ ಕತ್ತರಿಸಿ ಎಸೆಯಿರಿ.