ಬಿಜಿಎಂಐ ಐಡಿ ಮಾರಬೇಕು, ಮೋಸ ಹೋಗದೆ ಮಾರುವುದು ಹೇಗೆ?

ವಿಜಯಪುರ_ಸ್ಕ್ವಾಡ್:

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರದವನು. ಡಿಪ್ಲೊಮಾ ಮುಗಿದಿದೆ, ಈ ಸಲ ಬೆಳಗಾವಿಯಲ್ಲಿ ನೇರವಾಗಿ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರುತ್ತಿದ್ದೇನೆ. ಲ್ಯಾಪ್‌ಟಾಪ್ ಬೇಕೇ ಬೇಕು. ಈ ವರ್ಷ ದ್ರಾಕ್ಷಿ ಕೈ ಕೊಟ್ಟಿದೆ, ಹಾಗಾಗಿ ಅಪ್ಪನ ಹತ್ತಿರ ಕೇಳಲು ಮನಸ್ಸಿಲ್ಲ.

ನನ್ನ ಹತ್ತಿರ ಒಂದು ಬಿಜಿಎಂಐ (ಮೊಬೈಲ್‌ನಲ್ಲಿ ಆಡುವ ಶೂಟಿಂಗ್ ಆಟ) ಐಡಿ, ಅಂದರೆ ಆಟದ ಅಕೌಂಟ್ ಇದೆ. ಅದಕ್ಕೂ ಮುಂಚೆ ಇದ್ದ ಪಬ್‌ಜಿ ಆಟದ ಕಾಲದ್ದು. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಬ್ಯಾನ್ ಆಯ್ತಲ್ಲ, ಮುಂದಿನ ವರ್ಷ ಬಿಜಿಎಂಐ ಬಂದಾಗ ಹಳೆಯ ಡೇಟಾ ಎಲ್ಲ ಇದಕ್ಕೆ ತಂದುಕೊಂಡಿದ್ದೆ. ಎಂ416 ಗ್ಲೇಸಿಯರ್ ಅನ್ನುವ ಅಪರೂಪದ ಗನ್ ಸ್ಕಿನ್ (ಗನ್‌ನ ಅಲಂಕಾರ) ಇದೆ, ಮಿಥಿಕ್ ಅನ್ನುವ ಅಪರೂಪದ ಡ್ರೆಸ್ ಸಾಕಷ್ಟಿವೆ, ಒಂದು ಸೀಸನ್‌ನಲ್ಲಿ ಆಟದ ಅತಿ ಮೇಲಿನ ರ‍್ಯಾಂಕ್ ಕಾಂಕರರ್ ಕೂಡ ಮುಟ್ಟಿದ್ದೇನೆ. ಐಡಿ ಫೇಸ್‌ಬುಕ್‌ಗೆ ಲಿಂಕ್ ಆಗಿದೆ.

ಟೆಲಿಗ್ರಾಂ ಗುಂಪಿನಲ್ಲಿ ಹಾಕಿದ್ದೆ. ಒಬ್ಬ 18,000 ಕೊಡುತ್ತೇನೆ ಎಂದಿದ್ದಾನೆ. ಆದರೆ ಮೊದಲು ಲಾಗಿನ್ ಕೊಡಬೇಕಂತೆ, ಒಳಗೆ ಹೋಗಿ ನೋಡಿ ಆಮೇಲೆ ದುಡ್ಡು ಹಾಕುತ್ತಾನಂತೆ. ನಾನು ಒಪ್ಪಲಿಲ್ಲ. ಹಾಗಾದರೆ ಗುಂಪಿನ ಅಡ್ಮಿನ್ ನಡುವೆ ನಿಲ್ಲುತ್ತಾನೆ, ಅವನಿಗೆ ಒಂದು ಸಾವಿರ ಕೊಟ್ಟರಾಯ್ತು ಅನ್ನುತ್ತಿದ್ದಾನೆ. ಯಾರಾದರೂ ಮಾರಿದ್ದರೆ ಹೇಳಿ. ದುಡ್ಡು ಕೈಗೆ ಬರುವ ಹಾಗೆ ಮಾರುವುದು ಹೇಗೆ? ಬೆಲೆ ಸರಿ ಇದೆಯಾ?

ನವನಗರ_ಗೇಮರ್:

ಲಾಗಿನ್ ಮೊದಲು ಕೊಡಲೇಬೇಡ ದೋಸ್ತ. ಕೊಟ್ಟ ಮರುಕ್ಷಣ ಪಾಸ್‌ವರ್ಡ್ ಬದಲಾಗುತ್ತದೆ, ನಿನ್ನನ್ನು ಬ್ಲಾಕ್ ಮಾಡುತ್ತಾನೆ, ಮುಗೀತು.

'ಹಾಕಿದ್ದೇನೆ ನೋಡು' ಅಂತ ಸ್ಕ್ರೀನ್‌ಶಾಟ್ ಕಳಿಸಿದರೆ ನಂಬಬೇಡ. ಹಸಿರು ಟಿಕ್ ಇರುವ ನಕಲಿ ಸ್ಕ್ರೀನ್‌ಶಾಟ್ ಮಾಡುವುದಕ್ಕೆ ಆ್ಯಪ್‌ಗಳೇ ಇವೆ. ನಿನ್ನ ಬ್ಯಾಂಕ್ ಆ್ಯಪ್ ತೆರೆದು ಬ್ಯಾಲೆನ್ಸ್ ನೋಡು, ಮೆಸೇಜನ್ನೂ ನಂಬಬೇಡ. ದುಡ್ಡು ಹಾಕುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕು ಅಂದರೆ ಅಲ್ಲಿಗೇ ಬಿಟ್ಟುಬಿಡು. ಯುಪಿಐನಲ್ಲಿ ದುಡ್ಡು ಬರುವುದಕ್ಕೆ ಪಿನ್ ಬೇಕಾಗಿಲ್ಲ, ಹೋಗುವುದಕ್ಕೆ ಮಾತ್ರ ಬೇಕು.

ಗ್ಲೇಸಿಯರ್ ಎಷ್ಟನೇ ಲೆವೆಲ್ ಅಂತ ಹೇಳದೆ ಬೆಲೆ ಹೇಳಲು ಆಗಲ್ಲ. ಎಕ್ಸ್-ಸೂಟ್ ಅನ್ನುವ ದುಬಾರಿ ಡ್ರೆಸ್ ಇದ್ದರೆ ಬೆಲೆ ಏರುತ್ತದೆ. ಆದರೆ ಯುಸಿಗೆ (ದುಡ್ಡು ಕೊಟ್ಟು ಕೊಳ್ಳುವ ಆಟದೊಳಗಿನ ನಾಣ್ಯ) ನೀನು ಹಾಕಿದ್ದರಲ್ಲಿ ಅರ್ಧ ಬಂದರೂ ದೊಡ್ಡದು.

ಖಡೇಬಜಾರ್_ಮೊಬೈಲ್:

ತಮ್ಮಾ, ಬೆಳಗಾವಿ ಖಡೇ ಬಜಾರಿನ ಹತ್ತಿರ ನನ್ನದು ಮೊಬೈಲ್ ರಿಪೇರಿ ಅಂಗಡಿ. ಡಿಸ್‌ಪ್ಲೇ ಒಡೆದುಕೊಂಡು ಬರುವ ಹುಡುಗರ ಜೊತೆಗೆ 'ಅಣ್ಣಾ, ಐಡಿ ಹೋಯ್ತು, ವಾಪಸ್ ತರಲು ಆಗುತ್ತಾ' ಅಂತ ಕೇಳಿಕೊಂಡು ಬರುವವರೂ ಇದ್ದಾರೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಪೂರ್ತಿ ಓದು.

ಆ ಐಡಿ ನಿನ್ನದಲ್ಲ. ಬೇಜಾರು ಮಾಡಿಕೊಳ್ಳಬೇಡ. ಆಟ ಹಾಕಿಕೊಳ್ಳುವಾಗ ಎಲ್ಲರೂ ಓದದೆ ಒಪ್ಪುವ ಕರಾರು ಇದೆಯಲ್ಲ, ಅದರಲ್ಲಿ ಅಕೌಂಟ್ ಮಾರುವಂತಿಲ್ಲ, ಬೇರೆಯವರಿಗೆ ದಾಟಿಸುವಂತಿಲ್ಲ ಅಂತ ಬಿಜಿಎಂಐ ನಡೆಸುವ ಕ್ರಾಫ್ಟನ್ ಕಂಪನಿ ಬರೆದಿದೆ. ಕ್ಲ್ಯಾಶ್ ಆಫ್ ಕ್ಲ್ಯಾನ್ಸ್‌ನ ಸೂಪರ್‌ಸೆಲ್ ಕಂಪನಿಯದೂ ಅದೇ ಮಾತು, ಕಂಪ್ಯೂಟರ್ ಆಟ ಮಾರುವ ಸ್ಟೀಮ್‌ನದೂ ಅದೇ. ಬಾಡಿಗೆ ಮನೆಗೆ ನೀನು ಎಷ್ಟೇ ಚೆಂದ ಬಣ್ಣ ಹೊಡೆಸಿರು, ಆ ಮನೆಯನ್ನು ಮಾರಲು ಬರುತ್ತದೆಯೇ? ಕರಾರು ಮುರಿದದ್ದು ಗೊತ್ತಾದರೆ ಕಂಪನಿ ಐಡಿ ಬ್ಯಾನ್ ಮಾಡಬಹುದು. ಆಗ ಕೊಂಡವನಿಗೂ ದೂರು ಹೇಳಲು ಜಾಗ ಇಲ್ಲ, ಮಾರಿದವನಿಗೂ ಇಲ್ಲ. ಈ ವ್ಯಾಪಾರದಲ್ಲಿ ಇಷ್ಟು ಮೋಸ ನಡೆಯುವುದೇ ಅದಕ್ಕೆ.

ನನಗೆ ಇದಕ್ಕಿಂತ ಹೆದರಿಕೆ ಆಗುವುದು ನಿನ್ನ ಫೇಸ್‌ಬುಕ್ ಲಿಂಕ್ ನೋಡಿ. ಐಡಿ ಕೊಡುವುದು ಅಂದರೆ ಫೇಸ್‌ಬುಕ್ ಕೊಟ್ಟ ಹಾಗೆಯೇ. ಗೋಕಾಕ ಕಡೆಯ ಒಬ್ಬ ಹುಡುಗ ಹೀಗೇ ಕೊಟ್ಟಿದ್ದ. ದುಡ್ಡು ಸರಿಯಾಗಿಯೇ ಬಂದಿತ್ತು, ಅದರಲ್ಲಿ ಮೋಸ ಆಗಲಿಲ್ಲ. ಕೆಲವು ವಾರ ಆದ ಮೇಲೆ ಅವನ ಹೆಸರು, ಅವನ ಫೋಟೋ ಇರುವ ಅದೇ ಅಕೌಂಟ್‌ನಿಂದ ಬಳಗಕ್ಕೆಲ್ಲ ಮೆಸೇಜ್ ಹೋಗಿದೆ: 'ಆಸ್ಪತ್ರೆಯಲ್ಲಿದ್ದೇನೆ, ಐದು ಸಾವಿರ ಅರ್ಜೆಂಟ್ ಬೇಕು.' ಮಿರಜದಲ್ಲಿದ್ದ ಸೋದರಮಾವ ಹಾಕಿಯೂ ಬಿಟ್ಟಿದ್ದರು. ಹುಡುಗ ನನ್ನ ಅಂಗಡಿಯ ಸ್ಟೂಲ್ ಮೇಲೆ ಕೂತು ಒಬ್ಬೊಬ್ಬರಿಗೇ ಫೋನ್ ಮಾಡಿ 'ಅದು ನಾನಲ್ಲ, ದುಡ್ಡು ಹಾಕಬೇಡಿ' ಅಂತ ಹೇಳುತ್ತಿದ್ದ. ನಡುವೆ ಅವರ ಅವ್ವನ ಫೋನ್ ಬಂತು, ಎತ್ತಲು ಕೈ ನಡುಗುತ್ತಿತ್ತು. ಅಕ್ಕನ ನಿಶ್ಚಿತಾರ್ಥದ ಫೋಟೋಗಳು ಅದೇ ಅಕೌಂಟ್‌ನಲ್ಲಿದ್ದವು. ಮೇಲ್, ನಂಬರ್ ಎರಡೂ ಬದಲಾಗಿದ್ದರಿಂದ ಅಕೌಂಟ್ ವಾಪಸ್ ತರಲು ನಮ್ಮಿಂದ ಆಗಲಿಲ್ಲ. ಪರಿಚಯದವರೆಲ್ಲ ಸೇರಿ ರಿಪೋರ್ಟ್ ಹಾಕಿ ಮುಚ್ಚಿಸಬೇಕಾಯ್ತು.

ಜಿಮೇಲ್‌ಗೆ ಲಿಂಕ್ ಇರುವವರ ಪಾಡು ಇನ್ನೂ ಕಷ್ಟ. ಜಿಮೇಲ್ ಪಾಸ್‌ವರ್ಡ್ ಕೈಗೆ ಸಿಕ್ಕರೆ ಗೂಗಲ್ ಫೋಟೋಸ್, ಕಾಂಟ್ಯಾಕ್ಟ್, ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್, ಎಲ್ಲ ಅವನ ಕೈಗೆ.

ಅಡ್ಮಿನ್ ನಡುವೆ ನಿಲ್ಲುವ ಕಥೆ ಬಿಡು. ಅಡ್ಮಿನ್ ಮತ್ತು ಕೊಳ್ಳುವವನು ಎರಡು ನಂಬರ್ ಇಟ್ಟುಕೊಂಡ ಒಬ್ಬನೇ ಆಗಿರಬಹುದು. ಗುಂಪಿನಲ್ಲಿ 'ಅಣ್ಣಾ ನಂಬಿಗಸ್ತ' ಅಂತ ಹಾಕುವವರೂ ಅವನ ಕಡೆಯವರೇ ಆಗಿರಬಹುದು. ಪತ್ತೆ ಮಾಡುವುದು ಹೇಗೆ?

ಸರಿಯಾಗಿ ನಡೆದದ್ದು ನಾನು ಕಂಡಿದ್ದು ಒಂದೇ ಬಗೆ. ಇಬ್ಬರೂ ಮೊದಲಿನಿಂದ ಗುರುತಿನವರು, ಎದುರಾ ಎದುರು ಕೂತು, ಏನೂ ಇಲ್ಲದ ಹೊಸ ಅಕೌಂಟ್‌ಗೆ ಲಿಂಕ್ ಬದಲಿಸಿ, ಅಲ್ಲೇ ದುಡ್ಡು ಕೊಟ್ಟು ಮುಗಿಸಿದ್ದು. ಆಗಲೂ ಬ್ಯಾನ್ ಭಯ ಇದ್ದೇ ಇತ್ತು. ನಿನ್ನ ಟೆಲಿಗ್ರಾಂ ಗಿರಾಕಿ ಈ ಲೆಕ್ಕಕ್ಕೆ ಬರುವುದಿಲ್ಲ. ನನ್ನನ್ನು ಕೇಳಿದರೆ, ಮಾರಬೇಡ.

ತಿಲಕವಾಡಿ_ಪಿಸಿ:

ಖಡೇ ಬಜಾರ್ ಅಣ್ಣ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಕೆಲವು ಆಟಗಳಲ್ಲಿ ಅಕೌಂಟ್ ಮಾರುವಂತಿಲ್ಲದಿದ್ದರೂ ಒಳಗಿನ ಸಾಮಾನು ಮಾರಬಹುದು. ಕೌಂಟರ್-ಸ್ಟ್ರೈಕ್‌ನ ಗನ್ ಸ್ಕಿನ್‌ಗಳನ್ನು ಸ್ಟೀಮ್ ಕಮ್ಯುನಿಟಿ ಮಾರ್ಕೆಟ್‌ನಲ್ಲೇ ಮಾರಬಹುದು, ಶೇಕಡ 15ರಷ್ಟು ಅವರೇ ಹಿಡಿದುಕೊಳ್ಳುತ್ತಾರೆ. ಆದರೆ ಆ ದುಡ್ಡು ಸ್ಟೀಮ್ ವ್ಯಾಲೆಟ್‌ನಲ್ಲೇ ಉಳಿಯುತ್ತದೆ, ಬ್ಯಾಂಕಿಗೆ ಬರುವುದಿಲ್ಲ. ಬಿಜಿಎಂಐನಲ್ಲಿ ಆ ವ್ಯವಸ್ಥೆಯೂ ಇಲ್ಲ. ಹಾಗಾಗಿ ನಿನ್ನ ಲ್ಯಾಪ್‌ಟಾಪ್‌ಗೆ ಈ ದಾರಿ ಆಗಲ್ಲ.

ವಿಜಯಪುರ_ಸ್ಕ್ವಾಡ್:

ಅಣ್ಣಾ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ. ಫೇಸ್‌ಬುಕ್ ವಿಷಯ ನನಗೆ ಹೊಳೆದೇ ಇರಲಿಲ್ಲ. ಅದರಲ್ಲಿ ಅವ್ವನ ಫೋಟೋ, ನಮ್ಮ ತೋಟದ ಫೋಟೋ ಎಲ್ಲ ಇವೆ.

ಒಂದು ಪ್ರಶ್ನೆ. ಹೊಸ ಅಕೌಂಟ್‌ಗೆ ಲಿಂಕ್ ಬದಲಿಸಿ, ಅವನ ಕಡೆಯಿಂದ ಪೂರ್ತಿ ದುಡ್ಡು ಮೊದಲೇ ಹಾಕಿಸಿಕೊಂಡು, ಬ್ಯಾಂಕ್ ಆ್ಯಪ್‌ನಲ್ಲಿ ನೋಡಿದ ಮೇಲೆ ಕೊಟ್ಟರೆ? ಆಗ ನನಗೇನೂ ತೊಂದರೆ ಇಲ್ಲ ಅಲ್ವಾ?

ಜಮಖಂಡಿ_ಅಕ್ಕ:

ತಮ್ಮಾ, ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ತೊಂದರೆ ಇದೆ, ಅದೂ ದುಡ್ಡು ಬಂದ ಮೇಲೆ.

ನಿನಗೆ ದುಡ್ಡು ಹಾಕಿದವನ ದುಡ್ಡು ಎಲ್ಲಿಂದ ಬಂತು ಅಂತ ನಿನಗೆ ಗೊತ್ತಿಲ್ಲ. ಅದು ಬೇರೆ ಯಾರಿಗೋ ಮೋಸ ಮಾಡಿ ಹೊಡೆದ ದುಡ್ಡಾಗಿದ್ದರೆ, ಕಳೆದುಕೊಂಡವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡುತ್ತಾರೆ. ಆ ದುಡ್ಡು ಯಾವ ಯಾವ ಖಾತೆಗೆ ಹೋಯಿತೋ ಅಲ್ಲೆಲ್ಲ ತಡೆ ಬೀಳುತ್ತದೆ. ಕೆಲವೊಮ್ಮೆ ಅಷ್ಟು ಮೊತ್ತಕ್ಕೆ ಮಾತ್ರ, ಕೆಲವೊಮ್ಮೆ ಖಾತೆಯೇ ಪೂರ್ತಿ ಫ್ರೀಜ್. ನೀನು ನಮ್ಮ ಕೌಂಟರ್‌ಗೆ ಬಂದು ಕೇಳಿದರೆ ನಮಗೆ ಆ ತಡೆ ತೆಗೆಯಲು ಬರುವುದಿಲ್ಲ. ಸಾಮಾನ್ಯವಾಗಿ ದೂರು ದಾಖಲಾದ ಪೊಲೀಸ್ ಠಾಣೆಯಿಂದ ಪತ್ರ ಬರಬೇಕು, ಆ ಠಾಣೆ ಬೇರೆ ರಾಜ್ಯದಲ್ಲೂ ಇರಬಹುದು. ಯಾಕೆ ಬಂತು ಈ ದುಡ್ಡು ಅಂತ ಕೇಳಿದರೆ ಏನು ತೋರಿಸುತ್ತೀಯ? ಬಿಲ್ ಇಲ್ಲ, ಕರಾರು ಇಲ್ಲ, ಎದುರಿಗಿರುವವನ ಹೆಸರೂ ಗೊತ್ತಿಲ್ಲ.

ಇನ್ನೊಂದು ರೀತಿಯದೂ ಆಗುತ್ತದೆ. ಕೊಳ್ಳುವವನು ಒಂಬತ್ತನೇ ಕ್ಲಾಸಿನ ಹುಡುಗ, ಅಪ್ಪನ ಫೋನ್‌ನಿಂದ ದುಡ್ಡು ಹಾಕಿರುತ್ತಾನೆ. ಅಪ್ಪ ಸ್ಟೇಟ್‌ಮೆಂಟ್ ನೋಡಿ ದೂರು ಕೊಡುತ್ತಾರೆ. 18 ತುಂಬದವರ ಜೊತೆ ಮಾಡಿದ ಒಪ್ಪಂದ ಕಾನೂನಿನಲ್ಲಿ ನಿಲ್ಲುವುದಿಲ್ಲ. ದುಡ್ಡು ತಿರುಗಿ ಕೊಡಬೇಕಾಗಬಹುದು, ಐಡಿ ಅಷ್ಟರಲ್ಲಿ ಎಲ್ಲೋ ಹೋಗಿರುತ್ತದೆ.

ನಿನ್ನ ಎಸ್‌ಎಸ್‌ಪಿ (ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್) ಸ್ಕಾಲರ್‌ಶಿಪ್ ಇದೇ ಖಾತೆಗೆ ಬರುತ್ತಿದ್ದರೆ ಇನ್ನೂ ಯೋಚನೆ ಮಾಡು. ಫೀಸ್ ಕಟ್ಟುವ ಹೊತ್ತಿಗೆ ಖಾತೆ ಫ್ರೀಜ್ ಆಗಿ ಕೂತವರನ್ನು ನಾನು ನೋಡಿದ್ದೇನೆ. ತುಂಬಾ ಸಂಕಟ ಆಗುತ್ತದೆ.

ವಿಜಯಪುರ_ಸ್ಕ್ವಾಡ್:

ಅಕ್ಕಾ, ಸ್ಕಾಲರ್‌ಶಿಪ್ ಅದೇ ಖಾತೆಗೆ ಬರುತ್ತದೆ. ಅವನಿಗೆ ಬೇಡ ಅಂತ ಈಗಷ್ಟೇ ಹೇಳಿದೆ. ಗುಂಪಿನಿಂದಲೂ ಹೊರಬಂದೆ. ಆದರೆ ಲ್ಯಾಪ್‌ಟಾಪ್ ಚಿಂತೆ ಹಾಗೇ ಇದೆ.

ಆಡುವುದಕ್ಕೆಂದೇ ತೆಗೆದುಕೊಂಡ ಫೋನ್ ಇದೆ, 12 ಜಿಬಿ ರ‍್ಯಾಮ್. ಜೊತೆಗೆ ಫೋನ್ ತಣ್ಣಗಿಡುವ ಕೂಲರ್, ಗುಂಡು ಹೊಡೆಯಲು ಫೋನ್‌ಗೆ ಸಿಕ್ಕಿಸುವ ಟ್ರಿಗರ್ ಇವೆ. ಮನೆಯಲ್ಲಿ ಅಣ್ಣನ ಹಳೆಯ ಫೋನ್ ಸುಮ್ನೆ ಬಿದ್ದಿದೆ, ನನಗೆ ಅದು ಸಾಕು. ಇದನ್ನು ಮಾರಿದರೆ ಏನಾದರೂ ಸಿಗುತ್ತದೆಯೇ?

ಖಡೇಬಜಾರ್_ಮೊಬೈಲ್:

ಸಿಗುತ್ತದೆ. ಇದು ಪೂರ್ತಿ ನಿನ್ನ ವಸ್ತು, ಧೈರ್ಯವಾಗಿ ಮಾರು. ಬಿಲ್, ಡಬ್ಬಿ, ಅದರ ಜೊತೆ ಬಂದ ಚಾರ್ಜರ್ ಮೂರೂ ಇದ್ದರೆ ಬೆಲೆ ಜಾಸ್ತಿ ಬರುತ್ತದೆ. ಬಿಲ್ ಇಲ್ಲದ ಫೋನ್ ಅನ್ನು ಒಳ್ಳೆ ಅಂಗಡಿಯವರು ಮುಟ್ಟುವುದಿಲ್ಲ, ಕಳುವಿನ ಮಾಲು ಅಂತ ಭಯ. ವಿಜಯಪುರದಲ್ಲೇ ಎರಡು ಮೂರು ಅಂಗಡಿ ತಿರುಗಿ ಬೆಲೆ ಕೇಳು, ಮೊದಲ ಅಂಗಡಿಯಲ್ಲೇ ಕೊಟ್ಟುಬಿಡಬೇಡ. ಕೂಲರ್, ಟ್ರಿಗರ್ ಅಂಗಡಿಯಲ್ಲಿ ಕೊಟ್ಟರೆ ಏನೂ ಬರಲ್ಲ. ಕಾಲೇಜಿಗೆ ಬಂದ ಮೇಲೆ ಹಾಸ್ಟೆಲ್ ಹುಡುಗರನ್ನು ಕೇಳು.

ಲ್ಯಾಪ್‌ಟಾಪ್ ಹೊಸದೇ ಬೇಕಂತಿಲ್ಲ. ಆಫೀಸುಗಳಿಂದ ಹೊರಗೆ ಬಂದ ಹಳೆಯ ಲ್ಯಾಪ್‌ಟಾಪ್ ರಿಪೇರಿ ಮಾಡಿ ಮಾರುತ್ತಾರೆ, ಗಟ್ಟಿ ಇರುತ್ತವೆ. ಎಸ್‌ಎಸ್‌ಡಿ (ವೇಗದ ಸ್ಟೋರೇಜ್) ಇರಲಿ, ರ‍್ಯಾಮ್ 8 ಜಿಬಿಗಿಂತ ಕಡಿಮೆ ಬೇಡ, ರ‍್ಯಾಮ್ ಹೆಚ್ಚಿಸಲು ಒಳಗೆ ಜಾಗ ಇದೆಯೇ ಕೇಳು. ಚಾರ್ಜರ್ ತೆಗೆದು ಅರ್ಧ ಗಂಟೆ ಅಲ್ಲೇ ಓಡಿಸಿ ಬ್ಯಾಟರಿ ನೋಡು. ಎಲ್ಲ ಕೀಲಿಗಳನ್ನೂ ಒತ್ತಿ ನೋಡು. ವಾರಂಟಿ ಎಷ್ಟು ತಿಂಗಳು ಅನ್ನುವುದನ್ನು ಬಿಲ್ ಮೇಲೆ ಬರೆಸಿಕೋ.

ಫೋನ್ ಕೊಡುವ ಮುಂಚೆ ಫೋಟೋ, ನಂಬರ್ ಎಲ್ಲ ಬೇರೆ ಕಡೆ ಇಟ್ಟುಕೋ. ಆಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ ಗೂಗಲ್ ಅಕೌಂಟ್ ತೆಗೆದು, ಅದಾದ ಮೇಲೆಯೇ ಫ್ಯಾಕ್ಟರಿ ರೀಸೆಟ್ ಮಾಡು. ಅಕೌಂಟ್ ಹಾಗೇ ಬಿಟ್ಟರೆ ರೀಸೆಟ್ ಆದ ಮೇಲೂ ಅದು ನಿನ್ನ ಹಳೆಯ ಲಾಗಿನ್ ಕೇಳಬಹುದು, ಆಗ ಅಂಗಡಿಯವನು ಮತ್ತೆ ನಿನಗೇ ಫೋನ್ ಮಾಡುತ್ತಾನೆ.