ಅಪ್‌ಡೇಟ್: ಎರಡನೇ ಗೇರ್‌ನ ಕರಕರ ನಿಂತಿತು

ಹಳೇ ಮ್ಯಾನ್ಯುಯಲ್ ಕಾರು, ಬೆಳಗ್ಗೆ ತಣ್ಣಗಿರುವಾಗ ಎರಡನೇ ಗೇರ್ ಹಾಕಿದರೆ ಕರಕರ ಅನ್ನುತ್ತೆ, ಗೇರ್ ಆಯಿಲ್ ಯಾವುದು ಹಾಕಲಿ ಅಂತ ಕೇಳಿದ್ದೆನಲ್ಲ, ಈಗ ಸರಿಹೋಗಿದೆ.

ಕ್ಲಚ್ ಕೇಬಲ್ ಅಡ್ಜಸ್ಟ್ ಮಾಡಿಸಿದೆ. ಪೆಡಲ್ ಚೆನ್ನಾಗಾಯ್ತು, ಸದ್ದು ಮಾತ್ರ ಹೋಗಲಿಲ್ಲ. ಆಯಿಲ್ ಜೊತೆ ಬೆರೆಸೋ ಅಡಿಟಿವ್ ದುಡ್ಡು ದಂಡ. ಕೆಲಸ ಮಾಡಿದ್ದು "ಜಿಎಲ್-5 ತೆಗೆದು ಜಿಎಲ್-4 ಹಾಕಿ" ಅನ್ನೋ ಸಲಹೆ (ಇವು ಗೇರ್ ಆಯಿಲ್‌ನ ದರ್ಜೆಗಳು). ಕಾರಿನ ಕೈಪಿಡಿಯಲ್ಲೂ 75ಡಬ್ಲ್ಯೂ-90 (ಆಯಿಲ್ ಎಷ್ಟು ಮಂದ ಅನ್ನೋ ನಂಬರ್) ಜಿಎಲ್-4 ಅಂತಲೇ ಇದೆ. ಹಿಂದಿನ ಮಾಲೀಕರು ನಂಬರ್ ದೊಡ್ಡದು, ಒಳ್ಳೇದೇ ಇರುತ್ತೆ ಅಂತ ಜಿಎಲ್-5 ಹಾಕಿಸಿದ್ದರಂತೆ! ಅದರ ಜಾರುವಿಕೆಗೆ ಸಿಂಕ್ರೋ ರಿಂಗ್‌ಗೆ (ಗೇರ್ ಕೂರೋ ಮೊದಲು ವೇಗ ಹೊಂದಿಸೋ ಹಿತ್ತಾಳೆ ಬಳೆ) ಹಿಡಿತವೇ ಸಿಗಲ್ಲ. ಆ ಆಯಿಲ್‌ನಲ್ಲಿನ ಗಂಧಕದ ಅಂಶ ಹಿತ್ತಾಳೆಯನ್ನು ತಿನ್ನೋದೂ ಉಂಟು.

ಮೆಕ್ಯಾನಿಕ್ ಹೇಳಿಕೊಟ್ಟ ಒಂದು ವಿಷಯ ಗೊತ್ತಿರಲಿ: ಕೆಳಗಿನ ಡ್ರೇನ್ ಬೋಲ್ಟ್ ಮುಟ್ಟೋ ಮೊದಲು ಮೇಲಿನ ಫಿಲ್ಲರ್ ಬೋಲ್ಟ್ ಬಿಚ್ಚಿ ನೋಡಬೇಕು. ಅದು ತುಕ್ಕು ಹಿಡಿದು ಕೂತಿದ್ದರೆ ಹಳೇ ಆಯಿಲ್ ಖಾಲಿಯಾದ ಮೇಲೆ ಹೊಸದು ತುಂಬೋಕೆ ದಾರಿಯೇ ಇರಲ್ಲ. ಡ್ರೇನ್ ಬೋಲ್ಟ್‌ನ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಮೆತ್ತಿಕೊಂಡಿತ್ತು, ಬೆರಳಿಗೆ ಲೋಹದ ಒಂದು ಚೂರೂ ಸಿಗಲಿಲ್ಲ. ಅದು ಮಾಮೂಲಿ ಸವೆತ. ಲೋಹದ ಚಕ್ಕೆ ಸಿಕ್ಕರೆ ಮಾತ್ರ ಗೇರ್‌ಬಾಕ್ಸ್ ಇಳಿಸಿ ನೋಡಬೇಕಂತೆ.

ಆಟೊಮ್ಯಾಟಿಕ್ ಕಾರಿನವರು ಇದನ್ನು ನೋಡಿ ಹಾಕಬೇಡಿ, ಅದಕ್ಕೆ ಎಟಿಎಫ್ ಅನ್ನೋ ಬೇರೆಯೇ ಆಯಿಲ್ ಬರುತ್ತೆ.